ದಾನದ ದೇಹವನ್ನು ಕಾಯುವ ಕೈಗಳು
ಅಂಗರಚನಾ ಪ್ರಯೋಗಾಲಯದ ತಂತ್ರಜ್ಞರಿಗೆ ವಿದ್ಯಾರ್ಹತೆ ದೊರೆಯಬೇಕು

ದೇಹದಾನದ ಮಾತು ಈಗ ನಮ್ಮ ನಾಡಿನಲ್ಲಿ ಅಪರೂಪದ್ದಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಮನೆಯಲ್ಲಿ ಆ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಹಿರಿಯರು ಗದರುತ್ತಿದ್ದರು. ಇಂದು ಅದೇ ಹಿರಿಯರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಕಾಲಾನಂತರ ದೇಹವನ್ನು ವೈದ್ಯಕೀಯ ಮಹಾವಿದ್ಯಾಲಯಕ್ಕೆ ಒಪ್ಪಿಸಬೇಕೆಂದು ಹೇಳಿ, ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿ ಪೆಟ್ಟಿಗೆಯಲ್ಲಿರಿಸುವುದನ್ನು ಕಾಣುತ್ತೇವೆ. ಸಮಾಧಿ ಮಾಡುವುದೇ ಪರಂಪರೆಯಾಗಿರುವ ಮನೆತನಗಳಲ್ಲಿ ಇದು ಸಣ್ಣ ನಿರ್ಧಾರವಲ್ಲ. ಹೋಗಿ ಪತ್ರೆ ಏರಿಸಿ ಬರಲು ಒಂದು ಗದ್ದುಗೆಯೂ ಇಲ್ಲದಂತಾಗುವುದನ್ನು ಮಕ್ಕಳು ಒಪ್ಪಿಕೊಳ್ಳಬೇಕಾಗುತ್ತದೆ. ಒಪ್ಪಿಕೊಂಡವರನ್ನು ನಾವು ಮನಸಾರೆ ಗೌರವಿಸುತ್ತೇವೆ.

2010ರಲ್ಲಿ ಬೆಳಗಾವಿಯಲ್ಲಿ ನಡೆದ ಸಂಗತಿಯನ್ನು ಅನೇಕ ಓದುಗರು ಬಲ್ಲರು. ಬೈಲಹೊಂಗಲದ ವೈದ್ಯರಾಗಿದ್ದ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರ ಇಚ್ಛೆಯಂತೆ ಅವರ ದೇಹವನ್ನು ಸಂರಕ್ಷಿಸಿಡಲಾಗಿತ್ತು. ಅವರು ತೀರಿಕೊಂಡ ಎರಡು ವರ್ಷಗಳ ಬಳಿಕ, ಅಂಗರಚನಾಶಾಸ್ತ್ರದ ಅಧ್ಯಾಪಕರಾದ ಮಗ ಡಾ. ಮಹಾಂತೇಶ ರಾಮಣ್ಣವರ ಅವರು ವಿದ್ಯಾರ್ಥಿಗಳ ಮುಂದೆ ತಾವೇ ತಂದೆಯ ದೇಹವನ್ನು ಛೇದಿಸಿ ಪಾಠ ಹೇಳಿದರು. ಆ ತಂದೆಯ ತ್ಯಾಗವನ್ನೂ ಆ ಮಗನ ಧೈರ್ಯವನ್ನೂ ನಾಡು ಕೊಂಡಾಡಿತು. ಅದು ಯೋಗ್ಯವೇ ಆಗಿತ್ತು. ಆದರೆ ಆ ಸುದ್ದಿಯನ್ನು ಓದಿದ ದಿನ ನಮ್ಮ ಮನಸ್ಸಿನಲ್ಲಿ ಇನ್ನೊಂದು ವಿಚಾರ ಎದ್ದಿತು. ಎರಡು ವರ್ಷಗಳ ಕಾಲ ಒಂದು ದೇಹವು ಕೆಡದೆ, ಬಿರುಸಾಗದೆ, ಪಾಠಕ್ಕೆ ಒದಗುವಂತೆ ಉಳಿಯಬೇಕಾದರೆ ಅದರ ಹಿಂದೆ ತಿಳಿವಳಿಕೆಯುಳ್ಳ ಕೈಗಳು ದುಡಿದಿರಲೇಬೇಕು. ನಾಡಿನ ಅಂಗರಚನಾ ವಿಭಾಗಗಳಲ್ಲೆಲ್ಲ ಇಂಥ ಕೈಗಳಿವೆ. ಅವು ಯಾರವು? ಅವರಿಗೆ ಈ ವಿದ್ಯೆಯನ್ನು ಕಲಿಸಿದವರಾರು? ಅವರು ಕಲಿತಿದ್ದಾರೆಂದು ಹೇಳುವ ಪತ್ರವೊಂದು ಅವರ ಬಳಿ ಇದೆಯೇ?

ಈ ಪ್ರಶ್ನೆಗಳನ್ನು ಕೇಳುವುದೇ ಇಂದಿನ ಲೇಖನದ ಉದ್ದೇಶ. ಅಂಗರಚನಾಶಾಸ್ತ್ರದ ಪ್ರಯೋಗಾಲಯದಲ್ಲಿ ದುಡಿಯುವ ತಂತ್ರಜ್ಞರಿಗೆ ಅವರ ಕೆಲಸಕ್ಕೇ ಮೀಸಲಾದ, ಕಾಯಿದೆಯ ಮಾನ್ಯತೆಯುಳ್ಳ ವೃತ್ತಿ ವಿದ್ಯಾರ್ಹತೆ ಇರಬೇಕು. ಮತ್ತು ಅದರ ಬಾಗಿಲು ಈಗಾಗಲೇ ಆ ಕೆಲಸದಲ್ಲಿ ತಲೆ ಹಣ್ಣಾದವರಿಗೆ ಮೊದಲು ತೆರೆಯಬೇಕು. ಇದು ನಮ್ಮ ಖಚಿತ ಅಭಿಪ್ರಾಯ.

ಬಾಗಿಲ ಆಚೆಗಿನ ಕೆಲಸ

ಬಂಧುಗಳು ದೇಹವನ್ನು ಒಪ್ಪಿಸಿ, ಕೈಮುಗಿದು, ಕಣ್ಣೊರೆಸಿಕೊಂಡು ಹಿಂದಿರುಗುತ್ತಾರೆ. ವಾಹನ ಗೇಟು ದಾಟಿದ ಮೇಲೆ ನಡೆಯುವುದನ್ನು ಹೊರಗಿನವರು ಕಾಣುವುದಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಈ ಕೆಲಸವನ್ನು ‘ಹೆಣ ಎತ್ತಿಡುವ ಕೆಲಸ’ ಎಂದು ತಿಳಿದಿರುವವರು ವಿದ್ಯಾವಂತರಲ್ಲಿಯೂ ಬಹಳ ಮಂದಿ ಇದ್ದಾರೆ.

ಮೊದಲನೆಯದು ಕಾಗದಪತ್ರಗಳ ಕೆಲಸ. ಮರಣ ಪ್ರಮಾಣಪತ್ರ, ಮೃತರ ಇಚ್ಛಾಪತ್ರ, ಬಂಧುಗಳ ಒಪ್ಪಿಗೆ ಇವೆಲ್ಲ ಸರಿಯಾಗಿವೆಯೇ ಎಂದು ನೋಡಬೇಕು. ಅಪಘಾತ, ಆತ್ಮಹತ್ಯೆ ಮೊದಲಾದ ಪೊಲೀಸ್ ಪ್ರಕರಣಗಳ ದೇಹವಾದರೆ ಸ್ವೀಕರಿಸುವಂತಿಲ್ಲ. ಸಾಂಕ್ರಾಮಿಕ ರೋಗದ ಸುಳಿವಿದ್ದರೆ ಕೂಡಲೇ ಅಧ್ಯಾಪಕರ ಗಮನಕ್ಕೆ ತರಬೇಕು. ಸ್ವೀಕರಿಸಿದ ದೇಹಕ್ಕೆ ಒಂದು ಸಂಖ್ಯೆಯನ್ನು ಕಟ್ಟಿ, ದಾಖಲೆಯ ಪುಸ್ತಕದಲ್ಲಿ ಬರೆಯಬೇಕು. ಆ ಸಂಖ್ಯೆ ಕಳಚಿ ಬಿದ್ದರೆ ಮುಂದೆ ಯಾರ ಅವಶೇಷ ಯಾರದೆಂದು ಹೇಳುವವರು ಇರುವುದಿಲ್ಲ.

ಎರಡನೆಯದು ಎಂಬಾಮಿಂಗ್ ಎಂದು ಕರೆಯುವ ಶವಸಂರಕ್ಷಣೆ. ಸಾವು ಸಂಭವಿಸಿದ ಕೆಲವೇ ಗಂಟೆಗಳಲ್ಲಿ ಇದು ಆರಂಭವಾಗಬೇಕು. ನಮ್ಮ ಬೇಸಿಗೆ ಕಾಯುವುದಿಲ್ಲ. ತೊಡೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಚಿಕ್ಕದೊಂದು ಕೊಯ್ತದ ಮೂಲಕ ದೊಡ್ಡ ಅಪಧಮನಿಯನ್ನು ಹುಡುಕಿ, ಅದರೊಳಗೆ ನಳಿಕೆಯನ್ನು ಸೇರಿಸಿ, ಎತ್ತರದಲ್ಲಿಟ್ಟ ಪಾತ್ರೆಯಿಂದಲೋ ಪಂಪಿನಿಂದಲೋ ಸಂರಕ್ಷಕ ದ್ರವವನ್ನು ನಿಧಾನವಾಗಿ ಹರಿಸಬೇಕು. ಫಾರ್ಮಾಲಿನ್, ಮದ್ಯಸಾರ, ಗ್ಲಿಸರಿನ್, ಫೀನಾಲ್ ಮತ್ತು ನೀರನ್ನು ಬೆರೆಸಿದ ದ್ರವವದು. ವಯಸ್ಕರ ದೇಹಕ್ಕೆ ಸಾಮಾನ್ಯವಾಗಿ 8ರಿಂದ 10 ಲೀಟರಿನಷ್ಟು ಹಿಡಿಯುತ್ತದೆ. ದ್ರವ ಬೆರಳ ತುದಿಯವರೆಗೆ ತಲುಪಿತೇ ಎಂಬುದನ್ನು ಕೈಕಾಲುಗಳನ್ನು ತಿಕ್ಕಿ ನೋಡಬೇಕು. ತಲುಪದ ಜಾಗಕ್ಕೆ ಸೂಜಿಯಿಂದ ಪ್ರತ್ಯೇಕವಾಗಿ ಚುಚ್ಚಿ ಕೊಡಬೇಕು. ಬಳಿಕ ದೇಹವನ್ನು ತೊಟ್ಟಿಯ ದ್ರವದಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಮಟ್ಟ ಇಳಿಯದಂತೆ ನೋಡಿಕೊಳ್ಳಬೇಕು.

ಇದರಲ್ಲಿ ಲೆಕ್ಕವಿದೆ. ದ್ರವ ಸಪ್ಪೆಯಾದರೆ ದೇಹ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಕಟುವಾದರೆ ಮಾಂಸಖಂಡಗಳು ಒಣಗಿದ ತೊಗಲಿನಂತಾಗಿ, ನರ ಯಾವುದು ರಕ್ತನಾಳ ಯಾವುದು ಎಂದು ಬಿಡಿಸಲು ವಿದ್ಯಾರ್ಥಿಗೆ ಆಗುವುದಿಲ್ಲ. ಅಂಗಡಿಯಿಂದ ಬರುವ ಫಾರ್ಮಾಲಿನ್ ಎಂದರೆ ಸುಮಾರು ಶೇ. 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಅನಿಲ ಕರಗಿರುವ ನೀರು. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ‘ಶೇ. 10ರ ಫಾರ್ಮಾಲಿನ್’ ಆಗುತ್ತದೆ; ಆದರೆ ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಮಾರು ಶೇ. 4 ಮಾತ್ರ. ಈ ಎರಡು ಲೆಕ್ಕಗಳ ನಡುವಣ ವ್ಯತ್ಯಾಸ ತಿಳಿಯದವನು ಶೇ. 10ರಷ್ಟು ಫಾರ್ಮಾಲ್ಡಿಹೈಡ್ ಬೇಕೆಂದು ಭಾವಿಸಿ ಒಂದಕ್ಕೆ ಮೂರು ಪಾಲು ನೀರು ಬೆರೆಸಿದರೆ ದ್ರವವು ಬೇಕಾದುದಕ್ಕಿಂತ ಎರಡೂವರೆ ಪಟ್ಟು ಕಟುವಾಗುತ್ತದೆ. ದೇಹವೂ ಕೆಡುತ್ತದೆ, ಬೆರೆಸಿದವನ ಕಣ್ಣು ಮೂಗುಗಳೂ ಕೆಡುತ್ತವೆ.

ಮೂರನೆಯದು ನಿತ್ಯದ ಪಾಠದ ಕೆಲಸ. ಶವಛೇದನದ ಕೊಠಡಿಯಲ್ಲಿ ದೇಹ ಒಣಗದಂತೆ ಒದ್ದೆ ಬಟ್ಟೆ ಹೊದಿಸಬೇಕು. ಛೇದನದಲ್ಲಿ ಬೇರ್ಪಟ್ಟ ಚರ್ಮದ ಚೂರು, ಕೊಬ್ಬಿನ ತುಣುಕುಗಳನ್ನು ಆಯಾ ದೇಹದ ಪಾತ್ರೆಯಲ್ಲಿಯೇ ಸಂಗ್ರಹಿಸಬೇಕು. ಇದು ಕೇವಲ ಸ್ವಚ್ಛತೆಯ ಮಾತಲ್ಲ. ವರ್ಷದ ಕೊನೆಗೆ ಅಂತ್ಯವಿಧಿಗೆ ಹೋಗುವಾಗ ಒಬ್ಬ ಮನುಷ್ಯನದೆಲ್ಲವೂ ಒಟ್ಟಾಗಿ ಹೋಗಬೇಕೆಂಬ ಮರ್ಯಾದೆ ಅದರಲ್ಲಿದೆ. ಜೊತೆಗೆ ಮೂಳೆಗಳನ್ನು ಸ್ವಚ್ಛಗೊಳಿಸಿ ಜೋಡಿಸುವುದು, ಸಂಗ್ರಹಾಲಯದ ಗಾಜಿನ ಭರಣಿಗಳಲ್ಲಿ ದ್ರವ ಬದಲಿಸುವುದು, ಸೂಕ್ಷ್ಮದರ್ಶಕದ ಪಾಠಕ್ಕಾಗಿ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಮೈಕ್ರೋಟೋಮ್ ಯಂತ್ರದಲ್ಲಿ ಕತ್ತರಿಸಿ ಬಣ್ಣ ಕಟ್ಟುವುದು. ಆ ಪದರಗಳು ಸುಮಾರು 5 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ 200ರಲ್ಲಿ ಒಂದು ಪಾಲು. ಕೊನೆಗೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಮಾನವ ಅಂಗಾಂಶಗಳನ್ನೂ ಬಳಸಿದ ಫಾರ್ಮಾಲಿನ್ನನ್ನೂ ಹಳದಿ ವರ್ಗದಲ್ಲಿ ಬೇರ್ಪಡಿಸಿ ವಿಲೇವಾರಿ ಮಾಡುವುದೂ ಇವರ ಹೊಣೆಯೇ.

ರಸಾಯನ, ಅಂಗರಚನೆ, ಕಾನೂನು, ಸೋಂಕು ನಿಯಂತ್ರಣ, ಮನುಷ್ಯ ಮರ್ಯಾದೆ ಈ ಐದೂ ಕೂಡಿದ ವೃತ್ತಿಯಿದು. ಇಂಥದ್ದನ್ನು ವಿದ್ಯೆಯೆಂದು ಕರೆಯದೆ ಬೇರೆ ಯಾವುದನ್ನು ಕರೆಯಬೇಕು?

ವಿದ್ಯೆಯು ಕೂಲಿಯಾದ ಬಗೆ

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ದೇಹವನ್ನು ಅಧ್ಯಯನಕ್ಕೆ ಅಣಿಗೊಳಿಸುವ ಕ್ರಮವನ್ನು ವರ್ಣಿಸಲಾಗಿದೆ. ದೇಹವನ್ನು ಹುಲ್ಲು, ನಾರುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಬಳಿಕ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂಬುದು ಅದರ ಸಾರ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದೇಹವನ್ನು ಅಣಿಗೊಳಿಸುವುದೂ ಅದನ್ನು ನೋಡಿ ತಿಳಿಯುವುದೂ ಅಲ್ಲಿ ಒಂದೇ ವಿದ್ಯೆಯ ಎರಡು ಭಾಗಗಳಾಗಿದ್ದವು. ಒಂದು ಮೇಲು, ಒಂದು ಕೀಳು ಎಂದಿರಲಿಲ್ಲ.

ಕಾಲಾಂತರದಲ್ಲಿ ಹೆಣವನ್ನು ಮುಟ್ಟುವುದೇ ಮೈಲಿಗೆಯೆನಿಸಿತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಅವರು ಶವಛೇದನ ಮಾಡಿದಾಗ ಅದು ಸಮಾಜದ ಕಟ್ಟಳೆಯನ್ನು ಮುರಿದ ಸಾಹಸವೆಂದು ಇತಿಹಾಸದಲ್ಲಿ ದಾಖಲಾಯಿತು. ವೈದ್ಯನಿಗೆ ಮೈಲಿಗೆ ಕಳೆಯಿತು. ಅವನು ಚಾಕು ಹಿಡಿಯಬಹುದಾಯಿತು. ಆದರೆ ದೇಹವನ್ನು ಹೊರುವ, ತೊಳೆಯುವ, ತೊಟ್ಟಿಗೆ ಇಳಿಸುವ ಕೆಲಸವು ಶತಮಾನಗಳಿಂದ ಯಾರ ಹೆಗಲ ಮೇಲಿತ್ತೋ ಅವರ ಹೆಗಲ ಮೇಲೆಯೇ ಉಳಿಯಿತು. 1957ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ರೂಪುಗೊಂಡು ಇಂದು ಕರ್ನಾಟಕ ಅಂಗರಚನಾ ಕಾಯಿದೆಯೆಂದು ಕರೆಯಲಾಗುವ ಕಾನೂನು ಬೋಧನೆಗೆ ದೇಹಗಳು ಒದಗುವ ದಾರಿಯನ್ನು ತೋರಿಸಿತು. ದೇಹವು ಕೊಠಡಿಗೆ ಬಂದ ಮೇಲೆ ಅದನ್ನು ಮುಟ್ಟುವವರ ಸ್ಥಾನಮಾನದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ನಾವು ಕಂಡ ಒಬ್ಬರು

ನಾವು ಬಹಳ ವರ್ಷಗಳ ಕಾಲ ಉತ್ತರ ಕರ್ನಾಟಕದ ವೈದ್ಯಕೀಯ ಮಹಾವಿದ್ಯಾಲಯವೊಂದರಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದವರು. ಅಲ್ಲಿಯ ಶವಛೇದನದ ಕೊಠಡಿಯನ್ನು ನಡೆಸುತ್ತಿದ್ದ ಹಿರಿಯರೊಬ್ಬರಿದ್ದರು. ಹುದ್ದೆಯಿಂದ ಅಟೆಂಡರ್, ವಿದ್ಯಾರ್ಥಿಗಳಿಗೂ ನಮಗೂ ಅವರು ‘ಕಾಕಾ’. ಓದಿದ್ದು ಏಳನೆಯ ಇಯತ್ತೆಯವರೆಗೆ. ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಸರ, ಇದಕ್ಕ ಔಷಧ ಪೂರಾ ಇಳದಿಲ್ರಿ, ಮಳಿಗಾಲ ತಡಿಯಂಗಿಲ್ಲ’ ಎನ್ನುತ್ತಿದ್ದರು. ನಾವು ಪುಸ್ತಕದ ಲೆಕ್ಕ ಹೇಳಿ ಸುಮ್ಮನಾದ ಒಂದೆರಡು ಸಲ ಅವರ ಮಾತೇ ನಿಜವಾಯಿತು. ಹೊಸ ವರ್ಷದ ವಿದ್ಯಾರ್ಥಿಗಳು ಮೊದಲ ದಿನ ತಲೆಸುತ್ತಿ ಕೂತರೆ ನೀರು ಕೊಟ್ಟು ಸಮಾಧಾನ ಹೇಳುತ್ತಿದ್ದವರೂ ಅವರೇ.

ಒಂದು ವರ್ಷ ನಮ್ಮ ವಿಭಾಗಕ್ಕೆ ತಂತ್ರಜ್ಞರ ಹುದ್ದೆಯೊಂದು ಮಂಜೂರಾಯಿತು. ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಬೇಕೆಂಬುದು ನಿಯಮ. ಕಾಕಾ ಅರ್ಜಿ ಹಾಕುವಂತೆಯೇ ಇರಲಿಲ್ಲ. ಬಂದ ತರುಣ ಸಜ್ಜನ, ಚುರುಕಿನವನು. ರಕ್ತ, ಮೂತ್ರ, ಕಫಗಳ ಪರೀಕ್ಷೆಯಲ್ಲಿ ಪಳಗಿದವನು. ಆದರೆ ಎಂಬಾಮಿಂಗನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲ. ಅವನು ಕಲಿತ ಪಠ್ಯದಲ್ಲಿ ಅದು ಇರಲಿಲ್ಲ. ತೊಡೆಯ ಅಪಧಮನಿಯನ್ನು ಹುಡುಕುವುದನ್ನು ಅವನಿಗೆ ಕಲಿಸಿದವರು ಕಾಕಾ. ಕಲಿಸಿದವರ ಸಂಬಳ ಕಲಿತವನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಈ ವಿಷಯವನ್ನು ಒಮ್ಮೆ ಅವರೊಡನೆ ಎತ್ತಿದಾಗ ಅವರು ಹೇಳಿದ ಮಾತು ಇಂದಿಗೂ ನೆನಪಿದೆ: ‘ಅವಗ ಕಲಸಾಕ ನನಗ ಬ್ಯಾಸರಿಲ್ರಿ ಸರ. ಆದ್ರ ನಾ ಕಲತದ್ದು ಎಲ್ಲೂ ಬರದಿಲ್ಲಲ್ರಿ.’

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸಹಿಸಲು ಸುಲಭವಾಗುತ್ತಿತ್ತು. ಅವರು ಅಟೆಂಡರ್ ಆಗಿಯೇ ನಿವೃತ್ತರಾದರು. ಅವರ ಕೈಯ ಕೆಲಸದ ಮೇಲೆ ನಿಂತು ಪಾಠ ಹೇಳಿ, ಪ್ರಾಧ್ಯಾಪಕರೆನಿಸಿಕೊಂಡು, ಬೀಳ್ಕೊಡುಗೆಯ ಶಾಲು ಹೊದ್ದುಕೊಂಡ ನಾವು, ಆ ಅನುಭವಕ್ಕೊಂದು ಪರೀಕ್ಷೆ, ಒಂದು ಪ್ರಮಾಣಪತ್ರ ಇರಬೇಕೆಂದು ಸೇವೆಯಲ್ಲಿದ್ದಾಗ ಒಂದು ಪತ್ರವನ್ನೂ ಬರೆಯಲಿಲ್ಲ. ತಪ್ಪು ನಮ್ಮದೂ ಹೌದು. ಇಂದು ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಉಸಿರಿನ ಪ್ರಶ್ನೆ

ಇದು ಆರೋಗ್ಯದ ಪುಟವಾದ್ದರಿಂದ ತಂತ್ರಜ್ಞರ ಆರೋಗ್ಯದ ವಿಷಯವನ್ನು ಬಿಡುವಂತಿಲ್ಲ. ಫಾರ್ಮಾಲ್ಡಿಹೈಡ್ ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ, ಚರ್ಮದಲ್ಲಿ ಅಲರ್ಜಿಯನ್ನುಂಟುಮಾಡುತ್ತದೆ, ಉಬ್ಬಸವಿರುವವರನ್ನು ಇನ್ನಷ್ಟು ಬಾಧಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಂತೆ ಎಂಟು ಗಂಟೆಗಳ ದುಡಿಮೆಯಲ್ಲಿ ಗಾಳಿಯಲ್ಲಿರಬಹುದಾದ ಇದರ ಸರಾಸರಿ ಪ್ರಮಾಣ ಹತ್ತು ಲಕ್ಷದಲ್ಲಿ 0.75 ಪಾಲು ಮಾತ್ರ. ನಮ್ಮ ವಿದ್ಯಾರ್ಥಿಗಳು ಒಂದೆರಡು ಗಂಟೆ ಕಣ್ಣೀರು ಸುರಿಸಿ ಹೊರಗೆ ಹೋಗುತ್ತಾರೆ. ತಂತ್ರಜ್ಞರು ದಿನವಿಡೀ, ವರ್ಷವಿಡೀ, ಸೇವಾವಧಿಯುದ್ದಕ್ಕೂ ಅದೇ ಗಾಳಿಯಲ್ಲಿರುತ್ತಾರೆ.

ತರಬೇತಿಯಿಲ್ಲದವರಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ನಾವು ಕಂಡಿದ್ದೇವೆ. ‘ರೂಢಿಯಾದ ಮೇಲೆ ವಾಸನೆ ಬರುವುದಿಲ್ಲ, ಆದ್ದರಿಂದ ತೊಂದರೆಯಿಲ್ಲ’ ಎಂಬುದು ಮೊದಲನೆಯದು. ವಾಸನೆ ಬಾರದಿರುವುದು ಮೂಗು ದಣಿದಿರುವುದರ ಗುರುತು. ಗಾಳಿ ಶುದ್ಧವಾಗಿರುವುದರ ಗುರುತಲ್ಲ. ‘ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಕು’ ಎಂಬುದು ಎರಡನೆಯದು. ಬಟ್ಟೆಯಾಗಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ. ಅದಕ್ಕೆ ರಾಸಾಯನಿಕ ಹೀರುವ ಡಬ್ಬಿಯಿರುವ ಶ್ವಾಸಕವಚ, ನೈಟ್ರೈಲ್ ಕೈಗವಸು, ಮುಚ್ಚು ಕನ್ನಡಕ, ಎಲ್ಲಕ್ಕಿಂತ ಮಿಗಿಲಾಗಿ ಮೇಜಿನ ಬಳಿಯಿಂದಲೇ ಗಾಳಿಯನ್ನು ಹೀರಿ ಹೊರಹಾಕುವ ವ್ಯವಸ್ಥೆ ಬೇಕು. ‘ಫಾರ್ಮಾಲಿನ್ ಬಿದ್ದ ಮೇಲೆ ಯಾವ ರೋಗಾಣುವೂ ಉಳಿಯದು’ ಎಂಬುದು ಮೂರನೆಯದು. ಮೆದುಳನ್ನು ನಾಶಮಾಡುವ ಕೆಲವು ರೋಗಗಳಿಗೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಫಾರ್ಮಾಲಿನ್ನಿಗೂ ಜಗ್ಗುವುದಿಲ್ಲ.

ಇವನ್ನೆಲ್ಲ ತಿಳಿದ ತಂತ್ರಜ್ಞನು ತನ್ನನ್ನೂ ವಿದ್ಯಾರ್ಥಿಗಳನ್ನೂ ಕಾಪಾಡಬಲ್ಲನು. ತಿಳಿಯದವನಿಗೆ ಯಾವುದನ್ನು ಕೇಳಬೇಕೆಂಬುದೂ ತಿಳಿಯದು. ವಿದ್ಯಾರ್ಹತೆಯುಳ್ಳವನು ‘ಗಾಳಿ ಹೊರಹಾಕುವ ಪಂಖ ಕೆಟ್ಟಿದೆ, ಸರಿಯಾಗುವವರೆಗೆ ತೊಟ್ಟಿ ತೆರೆಯುವುದಿಲ್ಲ’ ಎಂದರೆ ಆಡಳಿತವು ಕೇಳಿಸಿಕೊಳ್ಳುತ್ತದೆ. ಅಟೆಂಡರ್ ಹಾಗೆಂದರೆ ಅದು ಉದ್ಧಟತನವೆನಿಸುತ್ತದೆ.

ಬೇರೆಡೆಯ ಅನುಭವ

ಬ್ರಿಟನ್ನಿನ ಇತಿಹಾಸ ಈ ವಿಷಯದಲ್ಲಿ ಪಾಠ ಕಲಿಸುವಂಥದ್ದು. 1828ರಲ್ಲಿ ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು, ದೇಹಗಳನ್ನು ಅಂಗರಚನಾ ಶಾಲೆಗೆ ಮಾರಿದ ಪ್ರಕರಣ ಬಯಲಾಯಿತು. 1832ರಲ್ಲಿ ಅಂಗರಚನಾ ಕಾಯಿದೆ ಬಂದುದರ ಹಿನ್ನೆಲೆಯಲ್ಲಿ ಆ ಭೀತಿಯಿತ್ತು. ಇಪ್ಪತ್ತನೆಯ ಶತಮಾನದ ಕೊನೆಗೆ ಲಿವರ್‌ಪೂಲಿನ ಆಸ್ಪತ್ರೆಯೊಂದರಲ್ಲಿ ಮೃತ ಮಕ್ಕಳ ಅಂಗಗಳನ್ನು ತಂದೆತಾಯಿಗಳಿಗೆ ತಿಳಿಸದೆ ಇಟ್ಟುಕೊಂಡಿದ್ದುದು ಹೊರಬಿದ್ದಾಗ ಜನ ಮತ್ತೊಮ್ಮೆ ಸಿಡಿದೆದ್ದರು. 2004ರ ಮಾನವ ಅಂಗಾಂಶ ಕಾಯಿದೆ ಅದರ ಫಲ. ಅಂದಿನಿಂದ ಅಲ್ಲಿ ಅಂಗರಚನಾ ವಿಭಾಗವೊಂದು ಪರವಾನಗಿಯಿಲ್ಲದೆ ನಡೆಯುವಂತಿಲ್ಲ. ಈ ವೃತ್ತಿಯವರಿಗೆ ‘ಇನ್‌ಸ್ಟಿಟ್ಯೂಟ್ ಆಫ್ ಅನಾಟಮಿಕಲ್ ಸೈನ್ಸಸ್’ ಎಂಬ ಸಂಸ್ಥೆಯೂ, ಪರೀಕ್ಷೆಯ ಮೂಲಕ ಅದರ ಸದಸ್ಯತ್ವ ಪಡೆಯುವ ದಾರಿಯೂ ಉಂಟು. ಜನರು ಕೊಟ್ಟ ದೇಹಗಳ ಮೇಲಣ ನಂಬಿಕೆ ಎರಡು ಬಾರಿ ಒಡೆದ ಮೇಲೆ ಅಲ್ಲಿ ವ್ಯವಸ್ಥೆ ಬಿಗಿಯಾಯಿತು. ನಮ್ಮಲ್ಲಿ ನಂಬಿಕೆ ಒಡೆಯುವವರೆಗೆ ಕಾಯಬೇಕೇ?

ನಮ್ಮಲ್ಲಿ ಆಗಬೇಕಾದುದು

ಅಡಿಪಾಯ ನಮ್ಮಲ್ಲಿ ಇಲ್ಲವೆಂದಲ್ಲ. 2021ರಲ್ಲಿ ಸಂಸತ್ತು ಆರೋಗ್ಯ ಸಹಾಯಕ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯಿದೆಯನ್ನು ಮಾಡಿತು. ಆರೋಗ್ಯ ಸಹಾಯಕ ವೃತ್ತಿಪರನೆನಿಸಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಶಿಕ್ಷಣ ಬೇಕೆಂದು ಅದು ಹೇಳುತ್ತದೆ. ವೈದ್ಯಕೀಯ ಪ್ರಯೋಗಾಲಯದ ವೃತ್ತಿಗಳು ಅದರ ವರ್ಗಗಳಲ್ಲೊಂದು. ಕರ್ನಾಟಕದಲ್ಲಿ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾಗಳೂ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿಗಳೂ ಇವೆ. ಹೊಸ ಕಟ್ಟಡ ಕಟ್ಟುವ ಅಗತ್ಯವಿಲ್ಲ; ಇರುವ ಮನೆಯಲ್ಲಿ ಒಂದು ಕೋಣೆಯನ್ನು ಈ ವೃತ್ತಿಗೆ ಬಿಟ್ಟುಕೊಟ್ಟರೆ ಸಾಕು. ನಮ್ಮ ಸಲಹೆಗಳು ಇವು.

ಒಂದು, ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಅಂಗರಚನಾ ತಂತ್ರಜ್ಞಾನವನ್ನು ವಿಶೇಷ ಶಾಖೆಯಾಗಿ ಆರಿಸಿಕೊಳ್ಳುವ ಅವಕಾಶವಿರಲಿ. ಶವಸಂರಕ್ಷಣೆ, ರಾಸಾಯನಿಕ ಸುರಕ್ಷತೆ, ಅಂಗಾಂಶ ಪದರಗಳ ತಯಾರಿ, ಸಂಗ್ರಹಾಲಯದ ನಿರ್ವಹಣೆ, ದೇಹದಾನದ ಕಾನೂನು ಮತ್ತು ನೀತಿ ಅದರ ಪಾಠಗಳಾಗಲಿ. ದೇಹವನ್ನು ಮೃದುವಾಗಿ ಉಳಿಸುವ, 1992ರಲ್ಲಿ ಆಸ್ಟ್ರಿಯಾದ ವಾಲ್ಟರ್ ಥೀಲ್ ಪ್ರಕಟಿಸಿದ ವಿಧಾನ. 1977ರಲ್ಲಿ ಜರ್ಮನಿಯ ಗುಂಥರ್ ಫಾನ್ ಹಾಗೆನ್ಸ್ ರೂಪಿಸಿದ, ಅಂಗಾಂಶದ ನೀರನ್ನು ತೆಗೆದು ಪ್ಲಾಸ್ಟಿಕ್ ತುಂಬುವ ಪ್ಲಾಸ್ಟಿನೇಶನ್ ಇವುಗಳ ಪರಿಚಯವೂ ಇರಲಿ.

ಎರಡು, ಪರೀಕ್ಷೆಯು ಕಾಗದದ ಮೇಲೆ ಮುಗಿಯದಿರಲಿ. ಇಂತಿಷ್ಟು ದೇಹಗಳ ಸಂರಕ್ಷಣೆಯಲ್ಲಿ ಕೈಯಾರೆ ಪಾಲ್ಗೊಂಡ ದಿನಚರಿ ಪುಸ್ತಕವನ್ನು ಒಪ್ಪಿಸಿ, ಪರೀಕ್ಷಕರ ಮುಂದೆ ಮಾಡಿ ತೋರಿಸಿದವರಿಗೆ ಮಾತ್ರ ಪ್ರಮಾಣಪತ್ರ ದೊರೆಯಲಿ.

ಮೂರು, ಈಗ ಕೆಲಸದಲ್ಲಿರುವ ಅನುಭವಿಗಳಿಗೆ ಪ್ರತ್ಯೇಕ ದಾರಿಯಿರಲಿ. ಅನುಭವದಿಂದ ಕಲಿತುದನ್ನು ಅಳೆದು ಪ್ರಮಾಣಪತ್ರ ನೀಡುವ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ಪದ್ಧತಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇದೆ. ಗಾರೆಯವರಿಗೂ ಬಡಗಿಗಳಿಗೂ ಸಲ್ಲುವ ಪದ್ಧತಿ ಇವರಿಗೇಕೆ ಸಲ್ಲಬಾರದು? ಪರೀಕ್ಷೆ ಕನ್ನಡದಲ್ಲಿರಲಿ, ಬರೆಯಲಾರದವರಿಗೆ ಬಾಯ್ದೆರೆಯಾಗಿ ಕೇಳಲಿ. ಉತ್ತೀರ್ಣರಾದವರಿಗೆ ಬಡ್ತಿಯೂ ಸಂಬಳವೂ ಏರಲಿ. ಇವೆರಡೂ ಇಲ್ಲದ ಪ್ರಮಾಣಪತ್ರ ಗೋಡೆಗೆ ಮೊಳೆ ಹೊಡೆಯುವುದಕ್ಕಷ್ಟೇ ಉಪಯೋಗ.

ಎದುರು ಮಾತುಗಳು

ನಮ್ಮ ಅಭಿಪ್ರಾಯಕ್ಕೆ ಆಕ್ಷೇಪಗಳಿಲ್ಲದಿಲ್ಲ. ಗಂಭೀರವಾದುದು ಇದು: ವಿದ್ಯಾರ್ಹತೆಯನ್ನು ಕಡ್ಡಾಯ ಮಾಡಿದರೆ ಓದಿದವರು ಒಳಗೆ ಬಂದು, ಓದದ ಬಡವರು ಹೊರಗೆ ಹೋಗುತ್ತಾರೆ. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಕಾಕಾ ಅವರಿಗೆ ಆದುದು ಅದೇ. ಆದ್ದರಿಂದಲೇ ಮೂರನೆಯ ಸಲಹೆಯಿಲ್ಲದೆ ಮೊದಲನೆಯದು ಬೇಡವೆನ್ನುತ್ತೇವೆ. ಅನುಭವಿಗಳಿಗೆ ದಾರಿ ಮಾಡದೆ ಹೊಸ ಡಿಪ್ಲೊಮಾವನ್ನು ಮಾತ್ರ ತಂದರೆ ಅದು ಹಳೆಯ ಅನ್ಯಾಯಕ್ಕೆ ಹೊಸ ಮುದ್ರೆ ಒತ್ತಿದಂತಾದೀತು.

ಇನ್ನು ಕೆಲವರು, ಗಣಕಯಂತ್ರದ ಪರದೆಯ ಮೇಲೆಯೇ ದೇಹವನ್ನು ಬಿಡಿಸಿ ತೋರಿಸುವ ಮೇಜುಗಳು ಬಂದಿವೆ, ಶವಛೇದನವೇ ಹಿಂದಾಗಲಿದೆ ಎನ್ನುತ್ತಾರೆ. ಆ ಉಪಕರಣಗಳು ಉಪಯುಕ್ತವೇ. ಆದರೆ 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಮೊದಲ ವರ್ಷದಲ್ಲಿಯೇ, ದೇಹವನ್ನು ಮೊದಲ ಗುರುವೆಂದು ಭಾವಿಸುವ ಪಾಠವೊಂದನ್ನು ಸೇರಿಸಿದೆ. ಒಬ್ಬರ ರಕ್ತನಾಳ ಇನ್ನೊಬ್ಬರದರಂತೆ ಕವಲೊಡೆಯುವುದಿಲ್ಲವೆಂಬುದನ್ನು ಪರದೆಗಿಂತ ದೇಹವೇ ಚೆನ್ನಾಗಿ ಕಲಿಸುತ್ತದೆ. ದೇಹವನ್ನು ಗುರುವೆಂದು ಕರೆದ ಮೇಲೆ, ಆ ಗುರುವಿನ ಸೇವೆ ಮಾಡುವವನನ್ನು ಕಸ ಗುಡಿಸುವವರ ಪಟ್ಟಿಯಲ್ಲಿ ಮರೆಯುವುದು ಹೇಗೆ ಸರಿ? ಕಸ ಗುಡಿಸುವುದೂ ಕಾಯಕವೇ. ಆದರೆ ಒಬ್ಬರ ಕಾಯಕವನ್ನು ಇನ್ನೊಂದರ ಹೆಸರಿನಿಂದ ಕರೆದು ಅರ್ಧ ಕೂಲಿ ಕೊಡುವುದು ನ್ಯಾಯವಲ್ಲ.

ಖರ್ಚಿನ ಮಾತನ್ನೂ ಕೇಳಿದ್ದೇವೆ. ವಿಭಾಗವೊಂದರಲ್ಲಿ ಈ ಕೆಲಸದವರು ಬೆರಳೆಣಿಕೆಯಷ್ಟೇ. ಅವರ ಸಂಬಳದ ಏರಿಕೆಯಿಂದ ಯಾವ ಮಹಾವಿದ್ಯಾಲಯವೂ ಬಡವಾಗಲಾರದು.

ಓದುಗರು ಮಾಡಬಹುದಾದುದು

ಓದುಗ ಬಂಧುಗಳಲ್ಲಿ ದೇಹದಾನದ ಸಂಕಲ್ಪ ಮಾಡಿದವರೂ ಮಾಡಬೇಕೆಂದಿರುವವರೂ ಇರುತ್ತಾರೆ. ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಲು ಹೋದಾಗ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ದೇಹವನ್ನು ಸಂರಕ್ಷಿಸುವವರು ಯಾರು, ಅವರಿಗೆ ಯಾವ ತರಬೇತಿಯಾಗಿದೆ? ಅವರ ಸುರಕ್ಷತೆಗೆ ಏನೇನು ಏರ್ಪಾಡಿದೆ? ಪಾಠ ಮುಗಿದ ಮೇಲೆ ಅವಶೇಷಗಳ ಅಂತ್ಯವಿಧಿ ಹೇಗೆ ನಡೆಯುತ್ತದೆ? ದಾನಿಗಳು ಕೇಳತೊಡಗಿದರೆ ಸಂಸ್ಥೆಗಳು ಉತ್ತರವನ್ನು ಸಿದ್ಧಪಡಿಸಿಕೊಳ್ಳುತ್ತವೆ. ಮಠಗಳ ಆಶ್ರಯದಲ್ಲಿ ನಡೆಯುವ ವೈದ್ಯಕೀಯ ಮಹಾವಿದ್ಯಾಲಯಗಳು ನಾಡಿನಲ್ಲಿ ಹಲವಿವೆ. ಸರಕಾರದ ಆದೇಶಕ್ಕೆ ಕಾಯದೆ, ತಮ್ಮ ಪ್ರಯೋಗಾಲಯದ ಸಿಬ್ಬಂದಿಗೆ ತರಬೇತಿಯನ್ನೂ ರಕ್ಷಾಕವಚವನ್ನೂ ತಾವಾಗಿಯೇ ಒದಗಿಸಿ ಅವು ಮೇಲ್ಪಂಕ್ತಿ ಹಾಕಿಕೊಡಬಹುದು.

ಕಾಕಾ ನಿವೃತ್ತರಾಗುವ ಮುನ್ನ ಆ ತರುಣ ತಂತ್ರಜ್ಞನು ಅವರು ಹೇಳಿದ್ದನ್ನೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದನು: ಯಾವ ಋತುವಿಗೆ ದ್ರವ ಎಷ್ಟು, ಬೂಷ್ಟು ಕಂಡರೆ ಏನು ಮಾಡಬೇಕು, ಮಕ್ಕಳು ಹೆದರಿದರೆ ಏನು ಹೇಳಬೇಕು. ಮೊದಲ ಪುಟದಲ್ಲಿ ಕಾಕಾ ಅವರ ಪೂರ್ಣ ಹೆಸರನ್ನು ಬರೆದು, ಅದರ ಮುಂದೆ ‘ಗುರುಗಳು’ ಎಂದು ಸೇರಿಸಿದ್ದನು. ಆ ವಿದ್ಯೆ ಬರಹಕ್ಕಿಳಿದದ್ದು ಅಷ್ಟೇ. ಆ ನೋಟ್‌ಬುಕ್ಕು ಪಠ್ಯಪುಸ್ತಕವಾಗಬೇಕು. ಅದನ್ನು ಹೇಳಿ ಬರೆಯಿಸಿದಂಥವರ ಹೆಸರಿನ ಮುಂದೆ ಸರಕಾರದ ಮುದ್ರೆಯುಳ್ಳ ವಿದ್ಯಾರ್ಹತೆಯೊಂದು ಕೂಡಬೇಕು. ಸಂಬಂಧಪಟ್ಟವರು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.